‘ಒಂದು ಜಾತಿಯ ಗಿಡ’

ನಮ್ಮ ನಿಘಂಟುಗಳು ಗಿಡಮರಗಳಿಗೆ ಎಷ್ಟು ಮರ್ಯಾದೆ ಕೊಟ್ಟಿವೆಯೆಂದು ತಿಳಿಯಲು ಹತ್ತು ಪುಟ ತಿರುವಿದರೆ ಸಾಕು. ಹೆಸರಿನ ಮುಂದೆ ‘ಒಂದು ಜಾತಿಯ ಗಿಡ’ ಎಂದೋ ‘ಒಂದು ಬಗೆಯ ಬಳ್ಳಿ’ ಎಂದೋ ಬರೆದು ಕೈತೊಳೆದುಕೊಂಡಿರುವುದು ಮತ್ತೆ ಮತ್ತೆ ಕಾಣುತ್ತದೆ. ಅರ್ಥ ಹೇಳಹೊರಟವರು ಹೆಸರೇ ಹೇಳುತ್ತಿರುವ ಅರ್ಥಕ್ಕೆ ಕಿವಿಗೊಡಲಿಲ್ಲವಲ್ಲ ಎಂದು ನನ್ನ ಕೊರಗು. ಹಳ್ಳಿಗರು ಇಟ್ಟ ಹೆಸರನ್ನು ಪದ್ಯದ ಸಾಲಿನಂತೆ ಓದಬೇಕು.

‘ಮುಟ್ಟಿದರೆ ಮುನಿ’ಯನ್ನೇ ನೋಡಿ. ಪಂಡಿತರು ಅದನ್ನು ಲಜ್ಜಾವತಿ ಎನ್ನುತ್ತಾರೆ. 1753ರಲ್ಲಿ ಲಿನೇಯಸ್ ಕೊಟ್ಟ ಲ್ಯಾಟಿನ್ ಹೆಸರಿನ ‘ಪುಡಿಕ’ ಎಂಬ ಮಾತಿಗೂ ನಾಚುವವಳೆಂದೇ ಅರ್ಥ. ನಾಚಿಕೆಮುಳ್ಳು ಎಂಬ ಹೆಸರು ನಮ್ಮಲ್ಲೂ ಉಂಟು. ಆದರೆ ಇವರೆಲ್ಲ ನಾಚಿದ ಹೆಣ್ಣನ್ನು ಕಂಡ ಕಡೆ ಕನ್ನಡಿಗನೊಬ್ಬ (ಒಬ್ಬಳೇ ಇದ್ದೀತು, ಕಳೆ ಕೀಳುವ ಕೈ ಹೆಚ್ಚಾಗಿ ಹೆಂಗಸರದು) ಮುನಿಸನ್ನು ಕಂಡ. ಮುಟ್ಟಿದೊಡನೆ ಮುದುಡಿ, ತುಸು ಹೊತ್ತಿಗೆ ತಾನೇ ಸರಿಹೋಗುವ ಮುನಿಸು. ಕಣ್ಣು ಮುಚ್ಚಿದ ಋಷಿಯೂ ಅದೇ ಮಾತಿನೊಳಗೆ ಕುಳಿತಿದ್ದಾನೆ. ಮೈತುಂಬ ಮುಳ್ಳಿರುವ ಗಿಡಕ್ಕೆ ಲಜ್ಜೆಗಿಂತ ಮುನಿಸೇ ಒಪ್ಪುತ್ತದೆಯಲ್ಲವೆ? ಗಿಡದ ತವರು ಅಮೆರಿಕದ ಉಷ್ಣವಲಯ. ಪರದೇಶದಿಂದ ಬಂದುದಕ್ಕೆ ಇಂಥ ಶ್ಲೇಷೆ ಹೊಸೆದ ಜಾಣ್ಮೆ ಸಾಮಾನ್ಯದ್ದಲ್ಲ.

‘ಆಡು ಮುಟ್ಟದ ಸೊಪ್ಪಿಲ್ಲ’ ಎಂದು ಗಾದೆ ಕಟ್ಟಿದ ಜನವೇ ಒಂದು ಬಳ್ಳಿಗೆ ‘ಆಡುಮುಟ್ಟದ ಬಳ್ಳಿ’ ಎಂದು ಹೆಸರಿಟ್ಟು ತಮ್ಮ ಗಾದೆಯನ್ನು ತಾವೇ ತಿದ್ದಿಕೊಂಡರು.

ಇದು ಬರಿಯ ರಸಿಕತೆಯ ಮಾತಲ್ಲ. ತೊಟ್ಟಿನ ತುದಿಗೆ ಒಂದೇ ಎಲೆ ಹೊತ್ತು ನೆಲದಲ್ಲಿ ಹರಡುವುದು ಒಂದೆಲಗ. ಅದನ್ನು ಒಂದೆಲಗ ಎನ್ನಲು ನಾಚಿ ಈಗ ಬ್ರಾಹ್ಮಿ ಎನ್ನುತ್ತಾರೆ. ಬ್ರಾಹ್ಮಿ ಎಂದು ಕರೆಸಿಕೊಳ್ಳುವ ಗಿಡ ಬೇರೆ ಇನ್ನೊಂದಿದೆ. ದಂಟಿನುದ್ದಕ್ಕೂ ಪುಟ್ಟ ರಸಭರಿತ ಎಲೆಗಳಿರುವ ನೀರುಬ್ರಾಹ್ಮಿ. ಎರಡೂ ಔಷಧಿಯ ಗಿಡಗಳೇ, ಆದರೆ ಒಂದೇ ಅಲ್ಲ. ಹಳ್ಳಿಯ ಹೆಸರಿನಲ್ಲಿ ಈ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಸಂಸ್ಕೃತದ ಮೇಲೆ ನನಗೆ ಹಗೆಯಿಲ್ಲ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಎಂಬ ಹೆಸರೂ ಉಂಟು. ಕಪ್ಪೆಯನ್ನು ನೆನೆದು ಹಾಗೆಂದವನು ಕೆರೆಯ ದಂಡೆಯ ಮನುಷ್ಯನೇ ಇರಬೇಕು. ನನ್ನ ಜಗಳ, ಘನವಾಗಿ ಕೇಳಿಸುತ್ತದೆಂದು ಮಾತ್ರ ಹೆಸರು ಬದಲಿಸುವವರೊಡನೆ. ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಗಳಾಗಿದ್ದೂ ‘ಹಸುರು ಹೊನ್ನು’ ಬರೆದರು. 1978ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. ಅವರ ದಾರಿಯಲ್ಲಿ ನಡೆದವರು ಕಡಿಮೆ.

ಹೆಸರಿಡುವ ಕಸುಬು ನಿಂತಿಲ್ಲ. 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದ ಪಾರ್ಥೇನಿಯಂ ನಮ್ಮಲ್ಲಿಗೆ ಬರುವಷ್ಟರಲ್ಲಿ ‘ಕಾಂಗ್ರೆಸ್ ಗಿಡ’ವಾಯಿತು. ಬಿಳಿಯ ಹೂವು ಟೋಪಿಯಂತಿದೆ ಎನ್ನುವವರುಂಟು, ಆಗಿನ ಸರಕಾರ ತರಿಸಿದ ಗೋಧಿಯ ಜತೆ ಬಂತೆನ್ನುವವರೂ ಉಂಟು. ಕರಾವಳಿಯ ಜನ ಪಕ್ಷಪಾತ ಬೇಡವೆಂದು ಇನ್ನೊಂದು ಕಳೆಯನ್ನು ‘ಕಮ್ಯುನಿಸ್ಟ್ ಗಿಡ’ ಎಂದರು. ಇವನ್ನು ನಿಘಂಟಿಗೆ ಸೇರಿಸುವವರು ‘ಒಂದು ಜಾತಿಯ ಗಿಡ’ ಎಂದಷ್ಟೇ ಬರೆದರೆ ಎರಡು ಪಕ್ಷದವರಿಗೂ ಸಮಾಧಾನವಾದೀತು.