ಜಗಳವಾಡದ ಗಿಟಾರು

ಸಿಂಧನೂರು, ಮಸ್ಕಿ, ಸಂತೆಕಲ್ಲೂರಿನ ಸೀಮೆಯಲ್ಲಿ ಎಷ್ಟೋ ಚರ್ಚುಗಳ ಭಾನುವಾರದ ಪ್ರಾರ್ಥನೆಗೆ ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಬಾರಿಸುವವರು ಹೆಚ್ಚಾಗಿ ಹೈಸ್ಕೂಲು, ಪಿಯುಸಿ ಹುಡುಗರು. ತುಂಗಭದ್ರಾ ಕಾಲುವೆಯ ನೀರು ನೆಚ್ಚಿ ಆಂಧ್ರದಿಂದ ಬಂದವರ ಕ್ಯಾಂಪುಗಳು ಪಕ್ಕದಲ್ಲೇ ಇವೆ. ಹಾಗಾಗಿ ಧಾಟಿ ಅನೇಕ ಸಲ ತೆಲುಗಿನದು, ಮೇಲೆ ಕನ್ನಡ ಹೊದಿಸಿದ್ದು. ಸದ್ದೇನೋ ಹರೆಯದ್ದೇ. ಮಾತು ಮಾತ್ರ ಮಹಿಮೆ, ಕೃಪೆ, ಸ್ತೋತ್ರ, ಆರಾಧನೆ. ಫೇಲಾದ ಅವಮಾನ, ದುಡಿಯಲು ಬೆಂಗಳೂರಿಗೆ ಹೋದ ಅಪ್ಪ-ಅವ್ವ, ತಿರುಗಿಯೂ ನೋಡದ ಹುಡುಗಿ, ಇವು ಯಾವುವೂ ಆ ಹಾಡಿನೊಳಗೆ ಕಾಲಿಡುವುದಿಲ್ಲ.

ಇದೇ ವಯಸ್ಸಿನವರಿಗಾಗಿ ಅಮೆರಿಕದಲ್ಲಿ ಬೆಳೆದ ಕ್ರೈಸ್ತ ಪಾಪ್-ಪಂಕ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿತ್ತು. ಗಿಟಾರಿನ ಮೂರ್ನಾಲ್ಕು ಕಾರ್ಡು, ಓಡುವ ಡ್ರಮ್ಮು, ಮೂರು ನಿಮಿಷದಲ್ಲಿ ಮುಗಿಯುವ ಹಾಡು. 1992ರಲ್ಲಿ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ನಿನಲ್ಲಿ ಶಾಲಾ ಹುಡುಗರೇ ಕಟ್ಟಿದ ಎಂಎಕ್ಸ್‌ಪಿಎಕ್ಸ್ ತಂಡದ ಮೊದಲ ಆಲ್ಬಂ 1994ರಲ್ಲಿ ಬಂತು. ಒಹಾಯೋದ ರಿಲಯಂಟ್ ಕೆ 1998ರಲ್ಲಿ ಹುಟ್ಟಿತು. ಹೆಸರು ಗಿಟಾರು ನುಡಿಸುವವನ ಹಳೆಯ ಪ್ಲಿಮತ್ ಕಾರಿನದು. ದೇವರ ತಂಡಕ್ಕೆ ಡಕೋಟಾ ಗಾಡಿಯ ಹೆಸರಿಡುವ ಆ ತುಂಟತನ ನನಗೆ ಇಷ್ಟ. ಅವರ ಹಾಡುಗಳಲ್ಲಿ ಶಾಲೆಯ ಡ್ಯಾನ್ಸೂ ಇದೆ, ತನ್ನ ನಂಬಿಕೆ ಎಷ್ಟು ತೆಳು ಎಂಬ ನಾಚಿಕೆಯೂ ಇದೆ.

ಹಾಗೆಂದು ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಕಿಲ್ಲ. ‘ಇಂಥ ಲೌಕಿಕ ಬ್ಯಾಂಡು ಇಷ್ಟವಾದರೆ ಅದರ ಬದಲು ಈ ಕ್ರೈಸ್ತ ಬ್ಯಾಂಡು ಕೇಳಿ’ ಎಂದು ಅಲ್ಲಿನ ಕ್ರೈಸ್ತ ಅಂಗಡಿಗಳಲ್ಲಿ ಪಟ್ಟಿ ತೂಗುಹಾಕುತ್ತಿದ್ದರು. ಸಿನಿಮಾ ಧಾಟಿಗೆ ಭಜನೆ ಕೂರಿಸುವ ನಮ್ಮವರ ಲೆಕ್ಕವೂ ಇದೇ: ಮಕ್ಕಳು ಕೈಬಿಟ್ಟು ಹೋಗಬಾರದು, ಅಷ್ಟೇ. ಆ ಭಯದಿಂದ ಹುಟ್ಟಿದ ಹಾಡುಗಳ ರಾಶಿಯಲ್ಲಿ ಬಹುಪಾಲು ಜೊಳ್ಳು. ಪಂಕ್‌ನ ಸಿಟ್ಟನ್ನು ಸೋಸಿ ತೆಗೆದು ವೇಗವನ್ನಷ್ಟೇ ಉಳಿಸಿಕೊಂಡ ತಂಡಗಳೇ ಹೆಚ್ಚು. ಒಳ್ಳೆಯವು ನಿಂತದ್ದು ದೇವರ ಮುಂದೆ ಗೊಣಗುವ ಧೈರ್ಯದಿಂದ.

ಆ ಗೊಣಗಾಟ ನಮಗೆ ಹೊಸದೇ? ಪಕ್ಕದ ಮಾನ್ವಿ ಸೀಮೆಯಲ್ಲೇ ಚೀಕಲಪರವಿಯ ವಿಜಯದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು ಹುಟ್ಟಿದರು. ಅವರು ಸೇರಿದ ದಾಸಪರಂಪರೆಯಲ್ಲಿ ನಿಂದಾಸ್ತುತಿ ಎಂಬುದೊಂದು ಒಪ್ಪಿತ ಪ್ರಕಾರ. ದೇವರನ್ನು ಬೈಯುವುದು, ಅವನ ಹಳೆಯ ಲೆಕ್ಕ ಕೆದಕುವುದು, ಕೊನೆಗೆ ಅವನ ಕಾಲನ್ನೇ ಹಿಡಿಯುವುದು. ಸಲಿಗೆ ಇದ್ದವರಷ್ಟೇ ಹೀಗೆ ಬೈಯಬಲ್ಲರು.

ವಿಚಿತ್ರವೆಂದರೆ ಈ ಪರಂಪರೆಯ ಪದಗಳನ್ನು ಕೂಡಿಸಿ ಮೊದಲು ಅಚ್ಚು ಹಾಕಿಸಿದವರಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಪ್ರಮುಖ. ಸಂಗ್ರಹ ಹೊರಬಂದದ್ದು 1850ರಲ್ಲಿ. ಅದೇ ಮಿಶನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದ. ಇಷ್ಟೆಲ್ಲ ಕೈಯಲ್ಲಿದ್ದೂ ಆರಾಧನೆಯ ಹೊತ್ತಿಗೆ ಗೆದ್ದದ್ದು ಜರ್ಮನ್ ಧಾಟಿಯ ಶಿಸ್ತಿನ ಗೀತೆಗಳು. ಮಿಶನ್ನಿನ ಪಾಲಿಗೆ ದಾಸರ ಪದ ಪಂಡಿತರ ಕಪಾಟಿಗೆ ಹೋಯಿತು. ಅಂದು ಜರ್ಮನ್ ಧಾಟಿ ಕೂತ ಜಾಗದಲ್ಲಿ ಇಂದು ಕೀಬೋರ್ಡಿನ ಟ್ರ್ಯಾಕು ಕೂತಿದೆ, ಮಾತಿನ ಮಡಿ ಹಾಗೇ ಇದೆ. ಬೈಬಲಿನ ಕೀರ್ತನೆಗಳಲ್ಲೇ ದೇವರ ಮೇಲಿನ ದೂರು ಬೇಕಾದಷ್ಟಿರುವಾಗ ಈ ಮಡಿ ಯಾರನ್ನು ಕಾಯಲಿಕ್ಕೋ ತಿಳಿಯದು.

ಈ ಮಡಿಯಿಲ್ಲದ ಹಾಡು ಚರ್ಚಿನ ಪಕ್ಕದಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 1557ಕ್ಕೂ ಹಿಂದಿನದೆಂದು ಹೇಳುವ ಕ್ಯಾಥೋಲಿಕ್ ಚರ್ಚಿದೆ. ಅದೇ ಊರಿನ ಮೊಹರಂ ಸುತ್ತ ಹತ್ತೂರಿಗೆ ಹೆಸರಾದದ್ದು. ಹಲಗೆ ಏಟಿಗೆ ಹರೆಯದ ಹುಡುಗರು, ಯಾವ ಜಾತಿಯವರೆಂದು ಕೇಳಬೇಡಿ, ಅಲಾಯಿ ಕುಣಿಯುತ್ತಾರೆ. ರಿವಾಯತ್ ಪದ ಕಟ್ಟುವವರು ಹಸನ್-ಹುಸೇನರ ಸಾವಿನ ಅಳಲನ್ನು ಅಚ್ಚ ರಾಯಚೂರಿನ ಕನ್ನಡದಲ್ಲಿ ಹಾಡುತ್ತ, ನಡುವೆ ಬರಗಾಲವನ್ನೂ ಊರ ಸುದ್ದಿಯನ್ನೂ ತೂರಿಸಿಬಿಡುತ್ತಾರೆ. ಮೇಳಕ್ಕೆ ಮೇಳ ಸವಾಲು-ಜವಾಬು ನಡೆಯುತ್ತದೆ. ಪದ ತಪ್ಪಿದವನನ್ನು ಎದುರಿನ ಮೇಳ ಬಿಡುವುದಿಲ್ಲ. ಅವನು ಮತ್ತೆ ಎದ್ದು, ಗಂಟಲು ಸರಿಮಾಡಿಕೊಂಡು, ಇನ್ನೂ ಜೋರಾಗಿ ಎತ್ತಿಕೊಳ್ಳುತ್ತಾನೆ.