ಕೇರಿಯ ಅಪ್ಪಂದಿರು ಮತ್ತು ಲೆಕ್ಕ ಕೇಳುವ ಮಕ್ಕಳು

ನಮ್ಮ ದಲಿತ ಆತ್ಮಕಥನಗಳಲ್ಲಿ ಅಪ್ಪ ಎಂಬಾತ ಬಹುಮಟ್ಟಿಗೆ ದುಡಿದು ಸವೆದವನು. ಅವನ ಬೆನ್ನು, ಅವನ ಕೈ, ಅವನ ಮೌನ ಇವನ್ನು ಮಗ ಗೌರವದಿಂದ ನೆನೆಯುತ್ತಾನೆ. ನಮ್ಮ ವಿಮರ್ಶೆಯೂ ಈ ಗೌರವವನ್ನು ಹಾಗೇ ಒಪ್ಪಿಕೊಂಡು ಮುಂದೆ ಹೋಗಿದೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕೇರಿಗಳಲ್ಲಿ ನಾನು ಕೇಳುತ್ತ ಬಂದಿರುವ ಮಾತಿನ ಧಾಟಿಯೇ ಬೇರೆ. “ಹುಟ್ಸಿದ್ದು ಬುಟ್ರೆ ನಮ್ಗೇನ್ ಮಾಡ್ದಪ್ಪೋ ನೀನು? ಇದ್ದ ಎಲ್ಡೆಕ್ರೆ ಮಾರ್ಕಂಡೆ. ಅವನ್ನ ಓದುಸ್ದೆ, ನನ್ನ ಫಿಲೇಚರಿಗೆ ಮಡುಗ್ದೆ.” ಅಪ್ಪನ ಉತ್ತರವೂ ಸಿದ್ಧವಾಗಿರುತ್ತದೆ: “ನಮ್ಮಪ್ಪನ್ನ ಹಿಂಗೆ ಕೇಳಕ್ಕೆ ನಮ್ಗೆ ಬಾಯಿತ್ತೇನ್ಲಾ?” ಈ ಜಗಳಕ್ಕೆ ನಮ್ಮ ಸಾಹಿತ್ಯದಲ್ಲಿ ಎಷ್ಟು ಜಾಗ ಸಿಕ್ಕಿದೆ ಎಂಬುದು ನನ್ನ ಪ್ರಶ್ನೆ.

ಈ ಸೀಮೆಯಿಂದಲೇ ಬಂದ ‘ಊರುಕೇರಿ’ಯನ್ನು ನೋಡೋಣ. ಸಿದ್ದಲಿಂಗಯ್ಯನವರು 1954ರಲ್ಲಿ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುತ್ತಿರುವುದನ್ನು ಹುಡುಗನೊಬ್ಬ ನೋಡುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬ ತನ್ನಪ್ಪನೇ ಎಂದು ತಿಳಿದಾಗ ಸಂಕಟವಾಗುತ್ತದೆ. ಆ ಸಂಕಟ ‘ನೀನ್ಯಾಕೆ ಹೆಗಲು ಕೊಟ್ಟೆ’ ಎಂಬ ಪ್ರಶ್ನೆಯಾಗಿ ಅಪ್ಪನ ಮೇಲೆ ತಿರುಗುವುದಿಲ್ಲ. 1975ರ ‘ಹೊಲೆಮಾದಿಗರ ಹಾಡು’ ಸಂಕಲನದಲ್ಲಿ ಸಿಟ್ಟು ನೇರವಾಗಿ ಒಡೆಯನ ಕಡೆಗೆ ಹೋಯಿತು. ಎರಡು ದಶಕದ ನಂತರದ ಆತ್ಮಕಥನದಲ್ಲಿ ನಗುವಾಯಿತು. ಡಿ.ಆರ್. ನಾಗರಾಜ್ ಇದನ್ನು ಬಡವರ ನಗುವಿನ ಶಕ್ತಿ ಎಂದು ಗುರುತಿಸಿದರು. ಅದು ಸರಿಯಾದ ಓದು. ಆದರೆ ಆ ನಗುವಿಗೆ ಒಂದು ಆಸರೆಯೂ ಇತ್ತೆಂಬುದನ್ನು ಮರೆಯಬಾರದು. ಹಾಸ್ಟೆಲಿನ ಅನ್ನ, ಇಸ್ಕೂಲು, ಪುಸ್ತಕ, ಸಂಘಟನೆಯ ಗೆಳೆಯರು ಆ ಹುಡುಗನನ್ನು ನೊಗದಿಂದ ಒಂದಷ್ಟು ದೂರ ತಂದು ನಿಲ್ಲಿಸಿದ್ದವು. ಅಷ್ಟು ದೂರ ಬಂದವನಿಗೆ ಅಪ್ಪನ ನೊಗ ಪೂರ್ತಿ ಕಾಣುತ್ತದೆ. ಬರಲಾಗದೆ ಅಲ್ಲೇ ಉಳಿದವನಿಗೆ ಕಾಣುವುದು ಅಪ್ಪನ ಕೈ ಮಾತ್ರ. ಕ್ಷಮಿಸುವುದಕ್ಕೂ ಒಂದಷ್ಟು ಅನುಕೂಲ ಬೇಕಾಗುತ್ತದೆ.

ಆ ಕೈ ಏನು ಮಾಡಿತು? ಅಡ್ವಾನ್ಸ್ ಈಸ್ಕೊಂಡಿತು. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಗೂಡು ಕುದಿನೀರಿನಲ್ಲಿ ಬೆಂದು ನೂಲಾಗುವ ಕಡೆ ಎಳೆ ಹಿಡಿದ ಬೆರಳುಗಳಲ್ಲಿ ಮಕ್ಕಳ ಬೆರಳುಗಳೂ ಇದ್ದವು. ಮದುವೆಗೆ, ಕಾಯಿಲೆಗೆ, ಹಳೇ ಸಾಲಕ್ಕೆ ಅಪ್ಪ ದುಡ್ಡು ತರುತ್ತಾನೆ. ಮಗು ಹೋಗಿ ದುಡಿಯುತ್ತದೆ. ಸಾಲ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ. ಕೂಲಿ ಸಾಲಕ್ಕೆ ಮುರಿದುಹೋಗುತ್ತದೆ, ನಡುವೆ ಮತ್ತೊಂದು ಅಡ್ವಾನ್ಸ್ ಸೇರಿಕೊಳ್ಳುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯೂ 1986ರ ಬಾಲಕಾರ್ಮಿಕ ಕಾಯಿದೆಯೂ ಇದ್ದವು. ಆದರೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು. ಆ ಮಕ್ಕಳು ಈಗ ತಾವೇ ಅಪ್ಪ ಅವ್ವ ಆಗಿದ್ದಾರೆ. ಅವರ ಸಿಟ್ಟನ್ನು ‘ಹೆತ್ತವರ ಋಣ’ ಎಂಬ ಮಾತಿನಿಂದ ಬಾಯಿ ಮುಚ್ಚಿಸುವುದು ಕ್ರೌರ್ಯ. ಋಣದ ಮಾತನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಅಪ್ಪನ ಋಣವನ್ನು ಅವರು ಹತ್ತನೇ ವಯಸ್ಸಿಗೇ ತೀರಿಸಿದವರು.

ಹಾಗಾದರೆ ಅಪ್ಪನೇ ಅಪರಾಧಿಯೆ? ಇಲ್ಲಿ ನಮಗೆ ಪಾಠ ಹೇಳಬಲ್ಲ ಒಂದು ಪಠ್ಯ ಸಾಹಿತ್ಯದ ಹೊರಗಿದೆ. ಅದು 1978ರ ಕರ್ನಾಟಕದ ಪಿಟಿಸಿಎಲ್ ಕಾಯಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ವ್ಯವಹಾರವೇ ಅಸಿಂಧು. ಜಮೀನು ಮೂಲ ಮಂಜೂರುದಾರನಿಗೆ, ಇಲ್ಲವೇ ಅವನ ವಾರಸುದಾರರಿಗೆ ವಾಪಸ್ಸಾಗಬೇಕು. ಈ ಕಾಯಿದೆ ‘ಯಾಕೆ ಮಾರಿದೆ’ ಎಂದು ಅಪ್ಪನ ಕತ್ತಿನ ಪಟ್ಟಿ ಹಿಡಿಯುವುದಿಲ್ಲ, ‘ಹೆಂಗೆ ಕೊಂಡೆ’ ಎಂದು ಕೊಂಡವನನ್ನು ಕೇಳುತ್ತದೆ. ಬಡವನ ರುಜುವಿನ ಹಿಂದೆ ಅವನ ಇಷ್ಟವೇ ಇದೆ ಎಂದು ಅದು ನಂಬುವುದಿಲ್ಲ. ಅಷ್ಟೇ ಮುಖ್ಯವಾಗಿ, ಮಕ್ಕಳ ಹಕ್ಕನ್ನೂ ಬಿಡುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳು ಸೂಕ್ತ ಕಾಲದೊಳಗೆ ಬರಬೇಕೆಂದಿತು. ಕಾಲಮಿತಿ ಅನ್ವಯಿಸದೆಂದು 2023ರಲ್ಲಿ ತಿದ್ದುಪಡಿಯಾಯಿತು. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಲ್ಲಿ ಉತ್ಪಾದನೆ ಶುರುಮಾಡಿತು. 2023ರಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ರಸ್ತೆ ಬಂತು. 2007ರಲ್ಲಿ ಜಿಲ್ಲೆಯಾಗಿದ್ದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂತು. ಇಂಥ ಕಡೆ ತಾತ ಮೂರು ಕಾಸಿಗೆ ಬಿಟ್ಟುಕೊಟ್ಟ ಜಮೀನಿನ ಮುಂದೆ ಮೊಮ್ಮಗ ದಿನಾ ಕಾರ್ಖಾನೆಯ ಬಸ್ಸಿನಲ್ಲಿ ಗುತ್ತಿಗೆ ಕೂಲಿಗೆ ಹೋಗುವಾಗ ಅವನ ಹೊಟ್ಟೆ ಉರಿಯದೆ ಇರುತ್ತದೆಯೆ? ಆ ಉರಿ ಸಂಜೆ ಮನೆಗೆ ಬಂದು ಮುದುಕನ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಕೊಂಡವನು ಲೇಔಟ್ ಮಾಡಿ ಮುಗಿಸಿರುತ್ತಾನೆ.

ಮನೆಯೊಳಗಿನ ಜಗಳವನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ ಬರೆಯುವುದು ಹೇಗೆಂದು ದೇವನೂರ ಮಹಾದೇವ ‘ಒಡಲಾಳ’ದಲ್ಲಿ ತೋರಿಸಿದ್ದಾರೆ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಹುಡುಕುತ್ತ ಗೋಳಾಡುತ್ತಾಳೆ. ಆ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಗುಮಾನಿಯಿದೆ, ಹಸಿವಿದೆ. ಅದೇ ಮನೆ ರಾತ್ರಿ ಬೆಂಕಿಯ ಸುತ್ತ ಕೂತು ಸಾವ್ಕಾರನ ಕಡಲೆಕಾಯಿ ತಿನ್ನುತ್ತದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಬಡವರ ಮನೆಯ ಹುಂಜಕ್ಕೆ ಪೊಲೀಸರಿಲ್ಲ, ಸಾವ್ಕಾರನ ಕಡಲೆಕಾಯಿಗೆ ಇದ್ದಾರೆ. ಜಗಳದ ಲೆಕ್ಕ ಎಲ್ಲಿಂದ ಶುರುವಾಯಿತೆಂದು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ.

ಕೊನೆಯದಾಗಿ, ಈ ಲೆಕ್ಕದಲ್ಲಿ ಹೆಣ್ಣುಮಕ್ಕಳ ಪುಟವೇ ಇಲ್ಲ. ಅಣ್ಣ ಹಾಸ್ಟೆಲಿನಿಂದ ಕವಿಯಾಗಿ, ಮೇಷ್ಟ್ರಾಗಿ ಬಂದ. ಅವನ ಪುಸ್ತಕದ ದುಡ್ಡಿಗೆ ನೂಲು ತೆಗೆದ ತಂಗಿಗೆ ಆತ್ಮಕಥನದಲ್ಲಿ ಎರಡು ಸಾಲು ಸಿಕ್ಕರೆ ಹೆಚ್ಚು. ತಂದೆಯ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿದೆ. ಪಾಲು ಕೇಳಲು ಆಸ್ತಿಯೇ ಇಲ್ಲದ ಕೇರಿಯಲ್ಲಿ ಅವಳು ಕೇಳಬೇಕಾದ್ದು ದುಡಿದ ವರ್ಷಗಳ ಪಾಲನ್ನು. ಅದನ್ನು ಅಪ್ಪನಿಗಿಂತ ಮೊದಲು ಓದಿದ ಅಣ್ಣನ ಹತ್ತಿರ ಕೇಳಬೇಕು. ದಲಿತ ವಿಮರ್ಶೆ ಮಾಡುತ್ತಿರುವ ನಮ್ಮಲ್ಲಿ ಹೆಚ್ಚಿನವರು ಆ ಅಣ್ಣಂದಿರೇ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಆತ್ಮಕಥನ ಹಾಸ್ಟೆಲಿಗೆ ಹೋದವನದ್ದೇ ಆಗಬೇಕಿಲ್ಲ. ಮನೆಯಲ್ಲಿ ಉಳಿದವರನ್ನು, ಅಡವಿಟ್ಟವರನ್ನು, ಅಡವಾದವರನ್ನು ಒಟ್ಟಿಗೆ ಕೂರಿಸಿ ಕೇಳಿ ಬರೆದುಕೊಳ್ಳಿ. ಯಾರ ಮದುವೆಗೆ ಎಷ್ಟು ತಂದರು, ಅದು ಯಾರ ಎಷ್ಟು ವರ್ಷ ತಿಂದಿತು, ಪತ್ರ ಯಾರ ಹತ್ತಿರ ಉಳಿಯಿತು ಎಂದು ಕೇಳಿ. ಅಪ್ಪ ಮಗ ಇಬ್ಬರೂ ಬೈದಾಡಲಿ. ಬೈಗುಳವನ್ನೂ ಬಿಡದೆ ಬರೆದುಕೊಳ್ಳಿ. ಆಮೇಲೆ ಇಬ್ಬರನ್ನೂ ಕರೆದುಕೊಂಡು ಉಪವಿಭಾಗಾಧಿಕಾರಿ ಕಚೇರಿಗೆ ಜಮೀನಿನ ಅರ್ಜಿ ಹಾಕಲು ಹೋಗೋಣ.