ಬೊಗ್ದಾ, ಕಿಲ್ಲಾ, ಖಾಡಿ

ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಠಾಣೆ ಬಿಟ್ಟು ಕಳ್ವಾದ ಸೇತುವೆ ದಾಟಿತೆಂದರೆ ನನ್ನ ಚಿಕ್ಕ ಮಗಳು ಕಿಟಕಿಯ ಸರಳಿಗೆ ಹಣೆ ಒತ್ತಿ ಸುಮ್ಮನಾಗುತ್ತಾಳೆ. ಆರು ವರ್ಷದ ಅವಳು ತಾನಾಗಿ ಸುಮ್ಮನಾಗುವ ಜಾಗ ಇದೊಂದೇ. ಮೇ ತಿಂಗಳ ಬಿಸಿಲು ಬೋಗಿಯೊಳಗೆ ಚೆಲ್ಲಿರುತ್ತದೆ. ಎದುರಿಗೆ ಪಾರ್ಸಿಕ್ ಗುಡ್ಡ. ಮೊದಲು ಗಾಳಿಯ ಸದ್ದು ಬದಲಾಗುತ್ತದೆ, ಆಮೇಲೆ ಗಾಳಿಯೇ ತಣ್ಣಗಾಗುತ್ತದೆ, ಮರುಕ್ಷಣ ಕತ್ತಲು. ಗಾಲಿಗಳ ಸದ್ದು ಕಲ್ಲುಗೋಡೆಗೆ ಬಡಿದು ಎರಡರಷ್ಟಾಗಿ ಒಳನುಗ್ಗುತ್ತದೆ. ಅದನ್ನೂ ಮೀರಿಸಿ ಅವಳು ಕೂಗುತ್ತಾಳೆ: "ಬೊಗ್ದಾ!"

ಸುರಂಗಕ್ಕೆ ಮರಾಠಿಯಲ್ಲಿ ಬೊಗ್ದಾ ಎನ್ನುತ್ತಾರೆ. ನಾನು ಮೂವತ್ತು ದಾಟುವವರೆಗೆ ಸುರಂಗ ಎಂದೇ ಹೇಳಿಕೊಂಡು ಬಂದವನು. ಮಗಳ ಬಾಯಲ್ಲಿ ಕೇಳಿದ ಮೇಲೆ ಆ ಮರಾಠಿ ಮಾತನ್ನು ನಾನೂ ಒಬ್ಬನೇ ಇದ್ದಾಗ ಹೇಳಿ ನೋಡಿದ್ದೇನೆ. 'ಬೊ' ಎನ್ನುವಾಗ ತುಟಿಗಳು ಗುಡ್ಡದ ಬಾಯಿಯ ಹಾಗೆ ದುಂಡಗಾಗುತ್ತವೆ. 'ಗ್' ಎಂಬಲ್ಲಿ ಉಸಿರು ಒಂದಿಷ್ಟು ಸಿಕ್ಕಿಕೊಳ್ಳುತ್ತದೆ. 'ದಾ' ಎಂದೊಡನೆ ಆಚೆಯ ಬೆಳಕಿಗೆ ಬಂದುಬಿಡುತ್ತೇವೆ. 'ಸುರಂಗ'ದ ರುಚಿ ಬೇರೆ. ಆ ಅನುಸ್ವಾರದಲ್ಲಿ ಒಳಗಿನ ಗುಂಯ್‌ಗುಡುವಿಕೆ ಇದೆ. ಹೊರಗೆ ನಿಂತು ನೋಡುವವನಿಗೆ ಬೊಗ್ದಾ, ಒಳಗೆ ಕೂತವನಿಗೆ ಸುರಂಗ ಎಂದು ನನಗೆ ಅನ್ನಿಸುತ್ತದೆ.

ಈ ಬೊಗ್ದಾ ಅಂಥಿಂಥದ್ದಲ್ಲ. 1916ರಲ್ಲಿ ತೆರೆದದ್ದು, ಉದ್ದ ಸುಮಾರು 1.3 ಕಿಲೋಮೀಟರ್. ಹಲವು ದಶಕಗಳ ಕಾಲ ಕಲ್ಯಾಣ, ಡೊಂಬಿವಲಿಗಳ ಫಾಸ್ಟ್ ಲೋಕಲ್‌ಗಳು ಇದರೊಳಗಿಂದಲೇ ಓಡಾಡಿದವು. 2022ರ ಫೆಬ್ರವರಿಯಲ್ಲಿ ಠಾಣೆ-ದಿವಾ ನಡುವಿನ ಹೊಸ ಹಳಿಗಳು ಸಿದ್ಧವಾದ ಮೇಲೆ ಲೋಕಲ್‌ಗಳು ಗುಡ್ಡ ಬಳಸಿ ಮುಂಬ್ರಾ ಮಾರ್ಗವಾಗಿ ಹೋಗತೊಡಗಿದವು, ಬೊಗ್ದಾ ದೂರದ ಊರಿನ ಗಾಡಿಗಳ ಪಾಲಾಯಿತು. ಹಾಗಾಗಿ ಹತ್ತು ವರ್ಷದ ದೊಡ್ಡ ಮಗಳು ನನ್ನ ತೊಡೆಯ ಮೇಲೆ ಕೂತು ಲೋಕಲ್‌ನಲ್ಲಿ ಕಂಡ ಕತ್ತಲನ್ನು ಚಿಕ್ಕವಳು ಕಾಣಲೇ ಇಲ್ಲ. ಅಕ್ಕ ಅದನ್ನು ತಂಗಿಗೆ ಪುರಾಣದ ಹಾಗೆ ಹೇಳುತ್ತಿದ್ದಳು: "ನೀನು ಹುಟ್ಟಿದಾಗ ಭಾನುವಾರಕ್ಕೊಮ್ಮೆ ರಾತ್ರಿ ಆಗ್ತಿತ್ತು, ಹಗಲಲ್ಲೇ." ಚಿಕ್ಕವಳು ಅದನ್ನು ನಂಬಿದಳು. ಊರಿಗೆ ಹೋಗುವುದೆಂದರೆ ಅವಳಿಗೆ ಮೊದಲು ಅಕ್ಕನ ಪುರಾಣದೊಳಗೆ ಹೋಗುವುದು, ಅಜ್ಜಿಯ ಮನೆ ಆಮೇಲೆ.

ಗಾಡಿಗೆ ಠಾಣೆಯ ಪ್ಲಾಟ್‌ಫಾರಂನಲ್ಲಿ ಕಾಯುವ ಹೊತ್ತಿಗೆ ನಾನೊಂದು ಕಥೆ ಹೇಳಿದ್ದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ಮುಟ್ಟಿದ್ದು ಇದೇ ಠಾಣೆಗೆ, ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಜನ, ಎಳೆಯಲು ಮೂರು ಎಂಜಿನ್. ಚಿಕ್ಕವಳು ಎಲ್ಲವನ್ನೂ ಕೇಳಿ, "ಖಿಡಕೀ ಸೀಟು ಯಾರಿಗೆ ಸಿಕ್ತು?" ಎಂದಳು. ಇಷ್ಟು ವರ್ಷ ಆ ದಿನಾಂಕ ನನ್ನ ತಲೆಯಲ್ಲಿದೆ, ಆ ಪ್ರಶ್ನೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅಂದು ಸಂಜೆ ಕಿಟಕಿಯ ಪಕ್ಕ ಕೂತು ಠಾಣೆಯ ಖಾಡಿಯನ್ನು, ಊರೊಳಗೆ ಬಂದ ಆ ಉಪ್ಪುನೀರನ್ನು, ನೋಡುತ್ತ ಬಂದ ಒಬ್ಬರು ಇದ್ದೇ ಇರಬೇಕಲ್ಲ.

ವಾರದ ಆರು ದಿನ ನನಗೆ ಮಕ್ಕಳು ಸಿಗುವುದು ಚೂರುಚೂರಾಗಿ. ಡೊಂಬಿವಲಿಯಿಂದ ಫೋರ್ಟಿನ ಆಫೀಸಿಗೆ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಬೆಳಿಗ್ಗೆ ಏಳೂಮುಕ್ಕಾಲರ ಗಾಡಿಗೆ ಹೊರಡುವಾಗ ಒಬ್ಬಳ ಬಾಯಲ್ಲಿ ಬ್ರಶ್, ಇನ್ನೊಬ್ಬಳ ತಲೆ ಅವಳ ಅಮ್ಮನ ಕೈಯಲ್ಲಿ. ರಾತ್ರಿ ಒಂಬತ್ತಕ್ಕೆ ಬಾಗಿಲು ತೆರೆದಾಗ ದೊಡ್ಡವಳ ಬಳಿ ದಿನದ ವರದಿ ಸಿದ್ಧವಿರುತ್ತದೆ. ಚಿಕ್ಕವಳು ನಿದ್ದೆಯ ಅಂಚಿನಲ್ಲಿ ಒಂದೇ ಒಂದು ಮಾತು ಹೇಳಿ ಆಚೆ ಜಾರುತ್ತಾಳೆ. ಆ ಒಂದು ಮಾತಿಗಾಗಿ ನಾನು ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಓಡುತ್ತೇನೆ. ಒಮ್ಮೆ ಅದು "ಚಂದ್ರ ನಮ್ಮ ಗ್ಯಾಲರಿಗೆ ಬಂದಿದ್ದ" ಎಂದಾಗಿತ್ತು. ಇನ್ನೊಮ್ಮೆ ಬರೀ "ಉದ್ಯಾ" ಎಂದು. ನಾಳೆ ಎನ್ನುವುದಕ್ಕೆ ಮರಾಠಿ. ನಾಳೆ ಏನೆಂದು ಹೇಳುವ ಮೊದಲೇ ಕಣ್ಣು ಮುಚ್ಚಿತ್ತು. ಆ ಉದ್ಯಾ ಮರುದಿನವಿಡೀ ನನ್ನ ಜೇಬಿನಲ್ಲಿತ್ತು.

ಭಾನುವಾರದ್ದು ನೀರುದೋಸೆ. ನಾನೇ ಹೊಯ್ಯುತ್ತೇನೆ. ಕೋಲಮ್ ಅಕ್ಕಿ ರಾತ್ರಿ ನೆನೆಸಿ, ಒಂದು ಹಿಡಿ ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಹಾಲಿಗಿಂತ ತೆಳ್ಳಗೆ ಮಾಡಿದ ಹಿಟ್ಟು. ಕಾವಲಿ ಚೆನ್ನಾಗಿ ಕಾಯಬೇಕು. ಸೌಟಿನಿಂದ ಸವರುವಂತಿಲ್ಲ, ಎತ್ತರದಿಂದ ಹೊಯ್ಯಬೇಕು. ಹಿಟ್ಟು ಬಿದ್ದ ಕೂಡಲೇ ಚುಂಯ್ ಎಂದು ನೂರಾರು ಕಣ್ಣು ತೆರೆಯುತ್ತದೆ. ಆ ಕ್ಷಣ ನೋಡಲೆಂದೇ ಇಬ್ಬರೂ ಸ್ಟೂಲು ಹಾಕಿಕೊಂಡು ನಿಲ್ಲುತ್ತಾರೆ. ನಮ್ಮೂರಲ್ಲಿ ಅದನ್ನು ತೂತು ಎನ್ನುತ್ತಿದ್ದೆವು. ಇವರಿಗೆ ಅದು 'ಜಾಳಿ', ಬಲೆ. ಪಕ್ಕದ ಮನೆಯ ಸಿಂಧುದುರ್ಗದ ಕಾಕೂ ಒಂದು ಭಾನುವಾರ ತಟ್ಟೆ ತುಂಬ ಘಾವಣ ಕೊಟ್ಟು ಕಳಿಸಿದರು. ಮಡಿಕೆ ಬಿಚ್ಚಿ ನೋಡಿದರೆ ನಮ್ಮ ನೀರುದೋಸೆಯ ಒಡಹುಟ್ಟು, ಅದೇ ಜಾಳಿ, ಅದೇ ತೇವದ ಮೃದು. ದೊಡ್ಡವಳು ಎರಡನ್ನೂ ಬೆಳಕಿಗೆ ಹಿಡಿದು ತೂತುಗಳ ಆಚೆಗೆ ನೋಡಿ, "ಒಂದೇ ಸಮುದ್ರದ್ದು" ಎಂದಳು. ಕಾಯಿಬೆಲ್ಲ ಹಚ್ಚಿ ಎರಡನ್ನೂ ತಿಂದು ಮುಗಿಸಿದೆವು.

ಸಂಜೆ ಹೆಚ್ಚೆಂದರೆ ಠಾಣೆಯ ತಲಾವ್ ಪಾಳಿ. ಮಾಸುಂದಾ ಕೆರೆಯಲ್ಲಿ ಕಾಲಲ್ಲಿ ತುಳಿಯುವ ದೋಣಿ, ದಡದಲ್ಲಿ ಸುಟ್ಟ ಜೋಳ, ಕೌಪಿನೇಶ್ವರನ ಗುಡಿಯ ಕಡೆಯಿಂದ ತೇಲಿಬರುವ ಗಂಟೆ. ಅಷ್ಟು ಸಾಕು.

ದೀಪಾವಳಿ ಅಷ್ಟಕ್ಕೆ ಮುಗಿಯುವುದಿಲ್ಲ. ರಜೆ ಬಿದ್ದ ಮರುದಿನವೇ ನಮ್ಮ ಕಟ್ಟಡದ ಮಕ್ಕಳೆಲ್ಲ ಅಂಗಳದ ಮೂಲೆಯಲ್ಲಿ ಕಿಲ್ಲಾ ಕಟ್ಟಲು ಶುರುಮಾಡುತ್ತಾರೆ. ಇಟ್ಟಿಗೆ ಚೂರು, ಹಳೆ ಗೋಣಿತಾಟು, ಮೇಲೆ ಕೆಮ್ಮಣ್ಣು. ಕರಾವಳಿಯವನಾದ ನನಗೆ ಈ ಆಟ ಗೊತ್ತಿರಲಿಲ್ಲ, ನಮ್ಮಲ್ಲಿ ಆ ದಿನಗಳಲ್ಲಿ ಬಲೀಂದ್ರನನ್ನು ಕರೆಯುವ ಸಂಭ್ರಮ. ಇಲ್ಲಿ ಗುರು ನನ್ನ ಹೆಂಡತಿ. ಬೆಳಗಾವಿಯವಳು, ಅಲ್ಲಿಯೂ ಮಕ್ಕಳು ದೀಪಾವಳಿಗೆ ಕಿಲ್ಲೆ ಕಟ್ಟುತ್ತಾರೆ. ಸೆರಗು ಸಿಕ್ಕಿಸಿಕೊಂಡು ಮಣ್ಣಿಗೆ ಕೈಹಾಕಿದಳೆಂದರೆ ಅವಳೂ ಹತ್ತು ವರ್ಷದವಳೇ. "ಮಣ್ಣು ಇಷ್ಟ್ ಗಟ್ಟಿ ಇದ್ರ ಬಿರಕ್ ಬಿಡ್ತೈತಿ, ಇನ್ನಷ್ಟ್ ನೀರ್ ಹಾಕ್ರಿ," ಎಂದು ನನ್ನನ್ನು ನೀರಿಗೆ ಓಡಿಸುತ್ತಾಳೆ. ಬುರುಜು, ಮಹಾದ್ವಾರ, ಕನ್ನಡಿ ಚೂರಿನ ಕೆರೆ. ಕಲ್ಯಾಣದ ಪೇಟೆಯಿಂದ ತಂದ ಮಣ್ಣಿನ ಮಾವಳೆ ಸಿಪಾಯಿಗಳು, ನೆತ್ತಿಯ ಸಿಂಹಾಸನದಲ್ಲಿ ಶಿವಾಜಿ ಮಹಾರಾಜ.

ಎಲ್ಲಕ್ಕಿಂತ ಚೆಂದ ಆ ಮಣ್ಣಿಗೆ ಬೀಜ ಚೆಲ್ಲುವ ಕೆಲಸ. ಬೇರೆಯವರು ಸಾಸಿವೆ ತರುತ್ತಾರೆ, ನಮ್ಮ ಮನೆಯಿಂದ ರಾಗಿ ಹೋಗುತ್ತದೆ. ಇಲ್ಲಿ ಅದಕ್ಕೆ ನಾಚಣಿ ಎಂದು ಹೆಸರು. ಮೊದಲ ಎರಡು ದಿನ ಏನೂ ಕಾಣುವುದಿಲ್ಲ. ಚಿಕ್ಕವಳು ಗಂಟೆಗೊಮ್ಮೆ ಕುಕ್ಕರುಗಾಲಲ್ಲಿ ಕೂತು ಗುಡ್ಡಕ್ಕೆ ಕಿವಿಯಿಡುತ್ತಾಳೆ. ಮೂರನೆಯ ಬೆಳಿಗ್ಗೆ ಕೆಮ್ಮಣ್ಣಿನ ಮೇಲೆ ಹಸಿರಿನ ಉಸಿರು ತಾಗಿದ ಹಾಗೆ ಏನೋ ಒಂದು. ಐದನೆಯ ದಿನಕ್ಕೆ ಇಡೀ ಗುಡ್ಡಕ್ಕೆ ಬೆರಳುದ್ದದ ಕಾಡು, ಸಿಪಾಯಿಗಳ ಸೊಂಟ ಮುಳುಗುವಷ್ಟು. ನೀರು ಚಿಮುಕಿಸಿದರೆ ಒಂದೊಂದು ಎಸಳಿನ ತುದಿಯಲ್ಲೂ ಒಂದೊಂದು ಹನಿ ನಿಲ್ಲುತ್ತದೆ. ಸಂಜೆ ಹಣತೆ ಹಚ್ಚಿಟ್ಟಾಗ ಆ ಹನಿಗಳಿಗೆಲ್ಲ ಬೆಂಕಿ ಹತ್ತಿಕೊಳ್ಳುತ್ತದೆ. ಇಂಥ ಕಾಡನ್ನು ನಾನು ಬೇರೆಲ್ಲೂ ನೋಡಿಲ್ಲ.

ನಿಜದ ಕಿಲ್ಲಾ ಹೇಗಿರುತ್ತದೆಂದು ತೋರಿಸಲು ಇಬ್ಬರನ್ನೂ ಕಲ್ಯಾಣದ ದುರ್ಗಾಡಿಗೆ ಕರೆದುಕೊಂಡು ಹೋಗಿದ್ದೆ. ಖಾಡಿಯ ದಂಡೆಯ ದಿಬ್ಬ, ಮೇಲೆ ದೇವಿಯ ಗುಡಿ. ಕೋಟೆಯೆಂದು ಉಳಿದದ್ದು ಹೆಚ್ಚಿಲ್ಲ. 1657ರಲ್ಲಿ ಶಿವಾಜಿ ಕಲ್ಯಾಣವನ್ನು ಗೆದ್ದ ಮೇಲೆ ಇಲ್ಲಿ ಕೋಟೆ ಎದ್ದಿತು, ಮರಾಠರ ನೌಕಾಪಡೆಯ ಹಡಗು ಕಟ್ಟುವ ಕೆಲಸ ಮೊದಲಾದದ್ದು ಈ ಖಾಡಿಯಲ್ಲೇ ಎನ್ನುತ್ತಾರೆ. ದಂಡೆಯ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುವಾಗ ನನಗೆ ಬಸರೂರು ನೆನಪಾಯಿತು. ಕುಂದಾಪುರದ ಬಳಿಯ ಬಸರೂರು ನನ್ನ ಊರು, ವಾರಾಹಿ ಹೊಳೆಯ ದಡದ ಹಳೆಯ ಬಂದರು. 1665ರ ಫೆಬ್ರವರಿಯಲ್ಲಿ ಇದೇ ಶಿವಾಜಿಯ ಹಡಗುಗಳು ಮಾಲವಣದ ಕಡೆಯಿಂದ ಹೊರಟು ಬಸರೂರಿಗೆ ಬಂದು, ಅಲ್ಲಿಯ ಸಿರಿಯನ್ನು ಕೊಳ್ಳೆ ಹೊಡೆದು ಹೋಗಿದ್ದವು. ಹೇಳಿದೆ. ಇಬ್ಬರ ಕೈಯೂ ಶೇಂಗಾದ ಮೇಲೆ ನಿಂತಿತು. ನೆತ್ತಿಯ ಮೇಲೆ ತಾವೇ ಕೂರಿಸಿದ ರಾಜ ಅಜ್ಜಿಯ ಊರಿಗೆ ಹಾಗೆ ಬಂದಿದ್ದನೇ? ದೊಡ್ಡವಳು ಬಹಳ ಹೊತ್ತು ಖಾಡಿಯನ್ನೇ ನೋಡಿದಳು. ಆ ವರ್ಷದ ಕಿಲ್ಲೆಯ ಕೆರೆಯಲ್ಲಿ ಎರಡು ಕಾಗದದ ದೋಣಿ ಸೇರಿದವು. ಒಂದು ಇಲ್ಲಿಂದ ಹೋಗುವುದಂತೆ, ಇನ್ನೊಂದು ಬಸರೂರಿನದಂತೆ, ಅಕ್ಕಿ ತುಂಬಿಕೊಂಡು ಬರುವುದು. ಯಾವುದೂ ಯಾವುದನ್ನೂ ಕೊಳ್ಳೆ ಹೊಡೆಯುವಂತಿರಲಿಲ್ಲ. ಅದು ಅವಳ ಕಟ್ಟಪ್ಪಣೆ.

ಚಳಿಗಾಲ ಕಳೆದು ಬಿಸಿಲು ಬಲಿಯುವ ದಿನಗಳಲ್ಲಿ ಹಕ್ಕಿ ನೋಡಲು ನವಿ ಮುಂಬೈಗೆ ಹೋಗುವುದು ನಮ್ಮ ಇನ್ನೊಂದು ಹಬ್ಬ. ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳ್, ಅಲ್ಲಿಂದ ರಿಕ್ಷಾ. ಹೊರಡುವ ಮೊದಲು ನಾನು ಭರತದ ವೇಳೆ ನೋಡಿಕೊಳ್ಳುತ್ತೇನೆ, ಮೀನುಗಾರರ ಮನೆಯಲ್ಲಿ ಹುಟ್ಟಿದವನ ಹಾಗೆ. ಇಳಿತದಲ್ಲಿ ಠಾಣೆಯ ಖಾಡಿಯ ಕೆಸರು ಬಯಲು ಬರಿದಾಗಿರುತ್ತದೆ, ಹಕ್ಕಿಗಳೆಲ್ಲ ಅಲ್ಲಿ ಊಟಕ್ಕೆ. ಭರತದ ನೀರು ಆ ಬಯಲನ್ನು ಮುಚ್ಚಿದಾಗ ಅವು ಎದ್ದು ಸೀವುಡ್ಸ್ ಬಳಿಯ ಕೆರೆಗಳಿಗೆ, ತಳವೆಯ ಜೌಗಿಗೆ ಬಂದು ನಿಲ್ಲುತ್ತವೆ. ವೇಳೆ ತಪ್ಪಿದರೆ ಬರೀ ನೀರು ನೋಡಿ ಬರಬೇಕು.

ಏರಿಯ ಮೇಲೆ ಹೋಗಿ ನಿಂತರೆ ಮೊದಲು ಕಾಣುವುದು ಹಕ್ಕಿಯಲ್ಲ, ಬಣ್ಣ. ಬೂದು ನೀರಿನ ಆಚೆ ಅಂಚಿಗೆ ಯಾರೋ ತಾಂಬೂಲ ಹಾಕಿದ ತುಟಿಯಿಂದ ಉಜ್ಜಿದ ಹಾಗೆ ಒಂದು ಗೆರೆ. ಕಣ್ಣು ಹೊಂದಿಕೊಂಡ ಮೇಲೆ ಗೆರೆ ಕಾಲುಗಳಾಗಿ ಒಡೆಯುತ್ತದೆ, ಕಾಲುಗಳ ಮೇಲೆ ಕೊರಳುಗಳು. ಕಿವಿಗೆ ಬರುವುದು ದೊಡ್ಡ ಮದುವೆ ಮನೆಯ ಊಟದ ಪಂಕ್ತಿಯ ಗುಜುಗುಜು. ನೀಲಿಹಸಿರು ಪಾಚಿ ಇವುಗಳ ಅನ್ನ, ಮೈಯ ಕೆಂಪು ಬಂದದ್ದೂ ಆ ಅನ್ನದಿಂದಲೇ. ಮರಿಗಳು ಬೂದಿಯ ಬಣ್ಣ, ಉಂಡು ಉಂಡು ಕೆಂಪಾಗಬೇಕು. ಕೊಕ್ಕನ್ನು ತಲೆಕೆಳಗಾಗಿ ನೀರಲ್ಲಿಟ್ಟು ಸೋಸಿ ತಿನ್ನುವುದನ್ನು ಕಂಡು ಚಿಕ್ಕವಳು ಅಲ್ಲೇ ಬಗ್ಗಿ, ಕಾಲಸಂದಿಯಿಂದ ಜಗತ್ತನ್ನು ನೋಡಿದಳು. "ಅಪ್ಪಾ, ಹೀಗೆ ನೋಡಿದ್ರೆ ಅವು ಆಕಾಶದಲ್ಲಿ ನಿಂತಾವೆ." ನಾನೂ ಬಗ್ಗಿದೆ. ಅವಳು ಹೇಳಿದ್ದು ನಿಜ.

ಹೆಸರಿನ ಚರ್ಚೆ ಅಂದು ಜೋರಾಗಿತ್ತು. ಕನ್ನಡದಲ್ಲಿ ರಾಜಹಂಸ ಎಂದೆ. ದೊಡ್ಡವಳು ಶಾಲೆಯಲ್ಲಿ ರೋಹಿತ ಎಂದು ಕಲಿತಿದ್ದಳು. ದುರ್ಬೀನು ಹಿಡಿದ ಅಜ್ಜನೊಬ್ಬರು ಪಕ್ಕದಿಂದ ಮರಾಠಿಯ ಇನ್ನೊಂದು ಹೆಸರು ಕೊಟ್ಟರು: ಅಗ್ನಿಪಂಖ. ಬೆಂಕಿಯ ರೆಕ್ಕೆ. ನಿಂತ ಹಕ್ಕಿಗೆ ಅದು ಹೊಂದುವುದಿಲ್ಲವೆಂದು ದೊಡ್ಡವಳ ವಾದ. ಅಷ್ಟರಲ್ಲಿ ಏನು ಕಂಡು ಬೆದರಿದವೋ, ಒಂದು ಗುಂಪು ನೀರ ಮೇಲೆ ಹತ್ತು ಹೆಜ್ಜೆ ಓಡಿ ಎದ್ದಿತು. ಮಡಚಿದ್ದ ರೆಕ್ಕೆ ಬಿಚ್ಚಿದಾಗ ಒಳಗಿನ ಕಡುಗೆಂಪು, ಅಂಚಿನ ಕಪ್ಪು. ಕೆಂಡವೇ. ಪಾಮ್ ಬೀಚ್ ರಸ್ತೆಯ ಎತ್ತರದ ಕಟ್ಟಡಗಳ ಮುಂದೆ ಆ ಕೆಂಡ ಒಂದು ಸುತ್ತು ಬಂದು ಮತ್ತೆ ನೀರಿಗಿಳಿದು ಮಡಚಿಕೊಂಡಿತು. "ನಿಂತರೆ ರಾಜಹಂಸ, ಹಾರಿದರೆ ಅಗ್ನಿಪಂಖ," ಎಂದು ಅವಳೇ ತೀರ್ಪು ಕೊಟ್ಟಳು. ಎರಡು ಭಾಷೆ ಇದ್ದವರಿಗಷ್ಟೇ ಸಿಗುವ ನ್ಯಾಯ ಅದು.

ಠಾಣೆ ಖಾಡಿಯ ಒಂದು ಪಾಲನ್ನು 2015ರಲ್ಲಿ ಇವುಗಳಿಗಾಗಿ ಅಭಯಾರಣ್ಯ ಮಾಡಿದರು, 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಭರತದಲ್ಲಿ ಬಂದು ನಿಲ್ಲಲು ಈ ಸಣ್ಣ ಕೆರೆಗಳೂ ಬೇಕು, ಇವಕ್ಕೆ ಸಮುದ್ರದ ನೀರು ಬಂದು ಹೋಗುವ ದಾರಿ ತೆರೆದಿರಬೇಕು. ನನ್ನ ಮಕ್ಕಳ ಮಕ್ಕಳೂ ಇಲ್ಲಿ ಬಗ್ಗಿ ನೋಡಬೇಕೆಂಬ ಆಸೆ ನನಗೆ ಬಲವಾಗಿದೆ.

ಮತ್ಸ್ಯಗಂಧಾ ಪಾರ್ಸಿಕ್ ಗುಡ್ಡದಿಂದ ಹೊರಬಿದ್ದ ಮೇಲೆ ಕೊಂಕಣ ರೈಲಿನ ಬೊಗ್ದಾಗಳು ತೊಂಬತ್ತಕ್ಕೂ ಹೆಚ್ಚು. ಚಿಕ್ಕವಳು ಎಣಿಸಲು ಕೂರುತ್ತಾಳೆ. ರತ್ನಾಗಿರಿಯ ಹತ್ತಿರದ ಕರ್ಬುಡೆ ಆರೂವರೆ ಕಿಲೋಮೀಟರಿನದು. ಅದು ಮುಗಿಯುವ ಮೊದಲೇ ಅವಳ ತಲೆ ನನ್ನ ತೋಳಿಗೆ ಒರಗಿರುತ್ತದೆ. ಎಣಿಕೆ ಹದಿನೇಳಕ್ಕೋ ಹದಿನೆಂಟಕ್ಕೋ ನಿಂತಿರುತ್ತದೆ. ಉಳಿದವನ್ನು ನಾನು ಎಣಿಸುತ್ತೇನೆ.

ಬಸರೂರಿನಲ್ಲಿ ಮೊದಲ ಸಂಜೆಯೇ ಇಬ್ಬರೂ ವಾರಾಹಿಯ ದಡಕ್ಕೆ ಓಡುತ್ತಾರೆ. ಅವರಿಗೆ ಅದು ಖಾಡಿ. ಡೊಂಬಿವಲಿಯಲ್ಲಿ ಉಪ್ಪುನೀರು ಊರೊಳಗೆ ಬಂದರೆ ಅದಕ್ಕೆ ಖಾಡಿ ಎನ್ನುತ್ತಾರೆ, ಇಲ್ಲೂ ಬಂದಿದೆ, ಅಂದಮೇಲೆ ಖಾಡಿಯೇ. ನಮ್ಮಮ್ಮ ಎಪ್ಪತ್ತಾರು ವರ್ಷ ಅದನ್ನು ಹೊಳೆ ಎಂದು ಕರೆದವಳು. ಮೊದಲ ವರ್ಷ ತಿದ್ದಿದಳು, ಎರಡನೆಯ ವರ್ಷ ನಕ್ಕಳು. ಈ ಸಲ ನಾನು ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಮಕ್ಕಳೆಲ್ಲಿ ಎಂದು ಕೇಳಿದರು. ಅಮ್ಮ ಮಲ್ಲಿಗೆ ಕಟ್ಟುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು: "ಖಾಡಿ ಬದಿಗೆ ಹೋಯಿರ್."